ಬಿಎಲ್‌ಎಸ್, ಎಸಿಎಲ್‌ಎಸ್: ಹಣ ಕಟ್ಟಿದ ದಿನದಿಂದ ಕಾರ್ಡ್ ಕೈಗೆ ಬರುವ ತನಕ

ಹೃದಯ ನಿಂತವರನ್ನು ಉಳಿಸುವುದನ್ನು ಕಲಿಸುವ ಬಿಎಲ್‌ಎಸ್, ಎಸಿಎಲ್‌ಎಸ್ ತರಬೇತಿಗಳ ಇ-ಕಾರ್ಡ್‌ನ (ಆನ್‌ಲೈನ್ ಸರ್ಟಿಫಿಕೇಟ್) ಮೇಲ್ ಮೊನ್ನೆ ಸಂಜೆ ಬಂತು. ಹಣ ಕಟ್ಟಿದ ದಿನದಿಂದ ಎಣಿಸಿದರೆ ಏಳು ವಾರ. ತರಗತಿ ನಡೆದದ್ದು ಬರೀ ಮೂರು ದಿನ. ಉಳಿದದ್ದೆಲ್ಲ ಓದು, ಕಾಯುವಿಕೆ ಮತ್ತು ಹೆಸರಿನ ತಿದ್ದುಪಡಿ. ತುರ್ತು ವಿಭಾಗ, ಐಸಿಯು, ಕ್ಯಾಥ್ ಲ್ಯಾಬ್, ಡಯಾಲಿಸಿಸ್‌ನಲ್ಲಿ ಕೆಲಸ ಮಾಡುವ ಸ್ಟಾಫ್ ನರ್ಸ್‌ಗಳು, ಆಂಬುಲೆನ್ಸ್‌ನ ಇಎಂಟಿಗಳು, ಹೌಸ್ ಸರ್ಜನ್ಸಿ ಮುಗಿಸಿದ ಹೊಸ ವೈದ್ಯರು, ಎಲ್ಲರಿಗೂ ಇಂದಲ್ಲ ನಾಳೆ ಈ ಎರಡು ಸರ್ಟಿಫಿಕೇಟ್ ಬೇಕೇ ಬೇಕು. ಬ್ಯಾಚಿನಲ್ಲಿ ಎಲ್ಲಿ ತೊಡಕಾಯಿತು, ಯಾಕೆ ಆಯಿತು ಎಂಬುದು ಇನ್ನೂ ಹಸಿಯಾಗಿ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ಮೊದಲ ಗೊಂದಲ ಹೆಸರಿನದು. ಬಿಎಲ್‌ಎಸ್ ಎಂದರೆ ಬೇಸಿಕ್ ಲೈಫ್ ಸಪೋರ್ಟ್: ಎದೆ ಒತ್ತುವುದು, ಉಸಿರು ಕೊಡುವುದು, ಎಇಡಿ ಎಂಬ ಸ್ವಯಂಚಾಲಿತ ಶಾಕ್ ಯಂತ್ರ ಬಳಸುವುದು. ಎಸಿಎಲ್‌ಎಸ್ ಎಂದರೆ ಅಡ್ವಾನ್ಸ್ಡ್ ಕಾರ್ಡಿಯೋವ್ಯಾಸ್ಕ್ಯುಲರ್ ಲೈಫ್ ಸಪೋರ್ಟ್: ಇಸಿಜಿ ಲಯ ಗುರುತಿಸುವುದು, ಔಷಧ, ಶಾಕ್ ಕೊಡುವ ಡಿಫಿಬ್ರಿಲೇಟರ್, ತಂಡ ನಡೆಸುವುದು. ಹೆಚ್ಚಿನ ಖಾಸಗಿ ಆಸ್ಪತ್ರೆಗಳು, ಗಲ್ಫ್ ದೇಶಗಳ ಆಸ್ಪತ್ರೆಗಳು ಕೇಳುವುದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಕಾರ್ಡ್. ನಮ್ಮ ದೇಶದಲ್ಲೇ ಇಂಡಿಯನ್ ರಿಸಸಿಟೇಷನ್ ಕೌನ್ಸಿಲ್ ಫೆಡರೇಷನ್ ಕೂಡ ತರಬೇತಿ ನಡೆಸುತ್ತದೆ. ಜನಸಾಮಾನ್ಯರಿಗೆ ಸಿಒಎಲ್‌ಎಸ್, ಆರೋಗ್ಯ ಸಿಬ್ಬಂದಿಗೆ ಬಿಸಿಎಲ್‌ಎಸ್ ಮತ್ತು ಸಿಸಿಎಲ್‌ಎಸ್ ಎಂಬ ಕೋರ್ಸ್‌ಗಳು. ಊರಲ್ಲೇ ಕೆಲಸ ಮಾಡುತ್ತೀರಿ, ಆಸ್ಪತ್ರೆಯವರೂ ಒಪ್ಪುತ್ತಾರೆ ಎಂದಾದರೆ ಅದು ಒಳ್ಳೆಯ ದಾರಿ. ವಿದೇಶದ ಯೋಚನೆ ಇದ್ದರೆ ಮಾತ್ರ ಮೊದಲೇ ಎಚ್‌ಆರ್ ಅಥವಾ ಏಜೆನ್ಸಿಯವರ ಬಳಿ ಯಾವ ಸಂಸ್ಥೆಯ ಕಾರ್ಡ್ ಬೇಕು ಎಂದು ಬರವಣಿಗೆಯಲ್ಲಿ ಕೇಳಿಕೊಳ್ಳಿ. ಮುಂದೆ ನಾನು ಹೇಳುವುದೆಲ್ಲ ಹಾರ್ಟ್ ಅಸೋಸಿಯೇಷನ್‌ನ ಕೋರ್ಸ್ ಬಗ್ಗೆ.

"ಮನೆಯಲ್ಲೇ ಕೂತು ಎರಡು ಗಂಟೆಯಲ್ಲಿ ಬಿಎಲ್‌ಎಸ್" ಎಂಬ ಜಾಹೀರಾತು ಮೊಬೈಲ್ ತುಂಬ ಬರುತ್ತವೆ. ಅದಕ್ಕೆ ದುಡ್ಡು ಕೊಡಬೇಡಿ. ಓದಿನ ಭಾಗವನ್ನು ಆನ್‌ಲೈನ್‌ನಲ್ಲಿ ಮುಗಿಸುವ ಹಾರ್ಟ್‌ಕೋಡ್ ಎಂಬ ವಿಧಾನ ನಿಜವಾಗಿಯೂ ಇದೆ. ಆದರೆ ಅದರಲ್ಲೂ ಗೊಂಬೆಯ ಮೇಲೆ ಕೈಯಿಟ್ಟು ಮಾಡಿ ತೋರಿಸುವ ಪರೀಕ್ಷೆ ತಪ್ಪುವುದಿಲ್ಲ. ಅದು ಮುಗಿಯದೆ ಪ್ರೊವೈಡರ್ ಕಾರ್ಡ್ ಹುಟ್ಟುವುದೇ ಇಲ್ಲ.

ಸೆಂಟರ್ ಆರಿಸುವಾಗ ಫೋನಿನಲ್ಲಿ ಮೂರು ಪ್ರಶ್ನೆ ಕೇಳಿ. ಒಂದು, ಯಾವ ವರ್ಷದ ಪುಸ್ತಕದಿಂದ ಕಲಿಸುತ್ತೀರಿ? 2025ರ ಅಕ್ಟೋಬರ್‌ನಲ್ಲಿ ಹೊಸ ಮಾರ್ಗಸೂಚಿ ಬಂದಿದೆ. ಅದಕ್ಕೂ ಮೊದಲಿನದು 2020ರದ್ದು. ನೀವು ಓದಿದ ಪುಸ್ತಕ ಒಂದು, ಅಲ್ಲಿ ಪರೀಕ್ಷೆ ಮಾಡುವುದು ಇನ್ನೊಂದು ಆದರೆ ಬರೆಯುವ ಪರೀಕ್ಷೆಯಲ್ಲಿ ಪೆಟ್ಟು ಬೀಳುತ್ತದೆ. ಎರಡು, ಬಿಎಲ್‌ಎಸ್‌ನಲ್ಲಿ ಎಷ್ಟು ಜನಕ್ಕೆ ಒಂದು ಗೊಂಬೆ? ಮೂವರಿಗೆ ಒಂದು ಗೊಂಬೆ, ಆರು ಜನಕ್ಕೆ ಒಬ್ಬ ಇನ್‌ಸ್ಟ್ರಕ್ಟರ್ ಎಂಬುದು ಕೋರ್ಸಿನ ಲೆಕ್ಕ. ಅದಕ್ಕಿಂತ ಹೆಚ್ಚು ಜನರನ್ನು ತುಂಬಿದರೆ ಕೈ ಪಳಗುವುದಿಲ್ಲ. ಮೂರು, ಎದೆ ಒತ್ತಿದ ಆಳ ಮತ್ತು ವೇಗ ತೋರಿಸುವ ಫೀಡ್‌ಬ್ಯಾಕ್ ಸಾಧನ ಇದೆಯೇ? ದೊಡ್ಡವರ ಸಿಪಿಆರ್ (ಎದೆ ಒತ್ತಿ ಉಸಿರು ಕೊಡುವುದು) ಕಲಿಸುವಲ್ಲಿ 2019ರ ಜನವರಿ ಕೊನೆಯಿಂದ ಅದು ಕಡ್ಡಾಯ. "ಇದೆ, ಆದರೆ ಆವತ್ತು ಇರುತ್ತೋ ಇಲ್ಲವೋ" ಎನ್ನುವವರನ್ನು ಬಿಟ್ಟು ಮುಂದಕ್ಕೆ ಹೋಗಿ.

ಎರಡೂ ಕೋರ್ಸ್ ಸೇರಿ ನಾವು ಕಟ್ಟಿದ್ದು ಒಂಬತ್ತು ಸಾವಿರ ರೂಪಾಯಿ. ಶುಲ್ಕ ನಿಗದಿ ಮಾಡುವುದು ಸೆಂಟರ್‌ನವರೇ ಹೊರತು ಹಾರ್ಟ್ ಅಸೋಸಿಯೇಷನ್ ಅಲ್ಲ. ಹಾಗಾಗಿ ಊರಿಂದ ಊರಿಗೆ, ಸೆಂಟರಿಂದ ಸೆಂಟರಿಗೆ ವ್ಯತ್ಯಾಸ ಇದ್ದೇ ಇರುತ್ತದೆ. ಪುಸ್ತಕ, ಇ-ಕಾರ್ಡ್, ಮರುಪರೀಕ್ಷೆ ಅದರೊಳಗೇ ಬರುತ್ತದೆಯೇ ಎಂದು ಕೇಳಿ. ನಮ್ಮ ಬ್ಯಾಚಿನ ಇಬ್ಬರಿಗೆ ಪುಸ್ತಕದ ದುಡ್ಡು ಬೇರೆ ಎಂದು ಗೊತ್ತಾದದ್ದು ತರಗತಿಯ ಬೆಳಿಗ್ಗೆ. ಹೊರಗಿನ ಜಿಲ್ಲೆಯಿಂದ ಬರುವವರು ಬಸ್ಸು, ಎರಡು ರಾತ್ರಿಯ ವಸತಿ, ಮೂರು ದಿನದ ರಜೆ ಇವನ್ನೂ ಲೆಕ್ಕಕ್ಕೆ ಹಿಡಿಯಿರಿ. ಆಸ್ಪತ್ರೆಯೇ ಕಳಿಸುತ್ತಿದ್ದರೆ ಆನ್ ಡ್ಯೂಟಿ ಪತ್ರ ಮೊದಲೇ ಬರೆಸಿಕೊಳ್ಳಿ, ಆಮೇಲೆ ಓಡಾಡಿದರೆ ಸಿಗುವುದು ಕಷ್ಟ.

ದಾಖಲೆ ಅಂತ ಹೆಚ್ಚೇನೂ ಕೇಳಲಿಲ್ಲ. ಗುರುತಿನ ಚೀಟಿ, ನರ್ಸಿಂಗ್ ಕೌನ್ಸಿಲ್ ನೋಂದಣಿಯ ಪ್ರತಿ, ಒಂದು ಇ-ಮೇಲ್ ವಿಳಾಸ. ಆದರೆ ಅರ್ಜಿಯಲ್ಲಿ ಹೆಸರು ಬರೆಯುವ ಆ ಒಂದು ಸಾಲಿನಲ್ಲೇ ಮುಂದಿನ ತಲೆನೋವೆಲ್ಲ ಅಡಗಿದೆ. ನಮ್ಮಲ್ಲಿ ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಅಂಕಪಟ್ಟಿಯಲ್ಲಿ ಮುಂದೆ, ಪಾಸ್‌ಪೋರ್ಟ್‌ನಲ್ಲಿ ಅದೇ ಇನಿಷಿಯಲ್ ಬಿಡಿಸಿ ತಂದೆಯ ಹೆಸರೋ ಊರಿನ ಹೆಸರೋ ಆಗಿರುತ್ತದೆ. ಕಾರ್ಡಿನಲ್ಲಿ ಯಾವುದು ಬೇಕು? ವಿದೇಶಕ್ಕೆ ಹೋಗುವವರಾದರೆ ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಬರೆಯಿರಿ. ಇಲ್ಲೇ ಇರುವವರಾದರೆ ಕೌನ್ಸಿಲ್ ನೋಂದಣಿಯಲ್ಲಿ ಇದ್ದಂತೆ. ಅರ್ಜಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಇ-ಮೇಲ್ ಕೂಡ ನಿಮ್ಮದೇ ಆಗಿರಲಿ, ಆಸ್ಪತ್ರೆಯ ವಾರ್ಡಿನದ್ದು ಬೇಡ. ಎರಡು ವರ್ಷದ ನಂತರ ಆ ಆಸ್ಪತ್ರೆಯಲ್ಲಿ ನೀವು ಇರುತ್ತೀರೋ ಇಲ್ಲವೋ.

ತರಗತಿಗೆ ಮೂರು ವಾರ ಮೊದಲು ಪುಸ್ತಕ ಬಂತು. ಎಸಿಎಲ್‌ಎಸ್‌ಗೆ ಪೂರ್ವ ಸ್ವಯಂ ಮೌಲ್ಯಮಾಪನ ಅಂತ ಒಂದು ಆನ್‌ಲೈನ್ ಪರೀಕ್ಷೆ ಇರುತ್ತದೆ. ಲಯ ಗುರುತಿಸುವಿಕೆ, ಔಷಧ, ಪ್ರಾಯೋಗಿಕ ಅನ್ವಯ ಎಂದು ಮೂರು ಭಾಗ. 70 ಶೇಕಡಾ ಬಂದರೆ ಪಾಸು, ಎಷ್ಟು ಸಲ ಬೇಕಾದರೂ ಬರೆಯಬಹುದು. ಪಾಸಾದ ಪ್ರತಿಯನ್ನು ಮುದ್ರಿಸಿ ತರಗತಿಗೆ ಒಯ್ಯಬೇಕು. ಇದನ್ನು ಹಿಂದಿನ ರಾತ್ರಿ ಮಾಡೋಣ ಎಂದು ಬಿಟ್ಟವರು ಬೆಳಗಿನ ಜಾವ ಎರಡು ಗಂಟೆಯವರೆಗೆ ಕೂತಿದ್ದರು.

ಇಡೀ ಕೋರ್ಸ್ ಇಂಗ್ಲಿಷಿನಲ್ಲಿ. ಇನ್‌ಸ್ಟ್ರಕ್ಟರ್ ಕನ್ನಡದಲ್ಲಿ ಬಿಡಿಸಿ ಹೇಳಿದರೂ ವಿಡಿಯೊ, ಪುಸ್ತಕ, ಪ್ರಶ್ನೆಪತ್ರಿಕೆ ಇಂಗ್ಲಿಷೇ. ಕನ್ನಡ ಮಾಧ್ಯಮದಿಂದ ಬಂದು ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಮಾಡಿದವರು ಇದಕ್ಕೆ ಹೆದರುತ್ತಾರೆ. ಹೆದರಬೇಕಾದದ್ದು ಭಾಷೆಗಲ್ಲ, ಹೆಸರು ಬದಲಾದ ಔಷಧಗಳಿಗೆ. ನಾವು ಇಪ್ಪತ್ತು ವರ್ಷದಿಂದ ಅಡ್ರಿನಲಿನ್ ಅನ್ನುವುದನ್ನು ಪುಸ್ತಕ ಎಪಿನೆಫ್ರಿನ್ ಅನ್ನುತ್ತದೆ. ನಮ್ಮ ಲಿಗ್ನೋಕೇನ್ ಅಲ್ಲಿ ಲಿಡೋಕೇನ್. ಕೈಯಲ್ಲಿ ಹಿಂಡಿ ಉಸಿರು ಕೊಡುವ ಚೀಲವನ್ನು ನಾವು ಅಂಬು ಬ್ಯಾಗ್ ಅಂದರೆ ಅವರು ಬ್ಯಾಗ್-ಮಾಸ್ಕ್ ಅನ್ನುತ್ತಾರೆ. ಪುಸ್ತಕದ ಮೊದಲ ಪುಟದಲ್ಲೇ ಈ ಜೋಡಿಗಳನ್ನು ಬರೆದಿಟ್ಟುಕೊಂಡರೆ ಅರ್ಧ ಭಯ ಹೋಗುತ್ತದೆ.

ಔಷಧದಲ್ಲಿ ಇನ್ನೂ ದೊಡ್ಡ ತೊಡಕು ಆಂಪ್ಯೂಲಿನದು, ಅಂದರೆ ಔಷಧ ತುಂಬಿದ ಪುಟ್ಟ ಗಾಜಿನ ಶೀಶೆಯದು. ಇದನ್ನು ಯಾವ ವಿಡಿಯೊವೂ ಹೇಳಿಕೊಡುವುದಿಲ್ಲ, ಏಕೆಂದರೆ ಅಮೆರಿಕದವರ ಕ್ರ್ಯಾಶ್ ಕಾರ್ಟ್‌ನಲ್ಲಿ (ತುರ್ತು ಔಷಧದ ಗಾಡಿ) ಇರುವ ಪ್ಯಾಕಿಂಗ್ ಬೇರೆ. ಅಡ್ರಿನಲಿನ್ ವಿಡಿಯೊದಲ್ಲಿ 10 ಎಂಎಲ್‌ನ ತುಂಬಿಸಿಟ್ಟ ಸಿರಿಂಜಿನಲ್ಲಿ ಬರುತ್ತದೆ. ನಮ್ಮದು 1 ಎಂಎಲ್ ಆಂಪ್ಯೂಲ್, ಅದರಲ್ಲಿ 1 ಮಿಲಿಗ್ರಾಂ. ಹೃದಯ ನಿಂತಾಗ ಕೊಡುವ ಡೋಸ್ 1 ಮಿಲಿಗ್ರಾಂ, ಅಂದರೆ ಒಂದು ಆಂಪ್ಯೂಲ್ ಪೂರ್ತಿ, ಹಿಂದೆಯೇ 20 ಎಂಎಲ್ ಸಲೈನ್ ಫ್ಲಶ್, ಆಮೇಲೆ ಕೈ ಮೇಲಕ್ಕೆತ್ತಿ ಹಿಡಿಯುವುದು. ಪ್ರತಿ 3ರಿಂದ 5 ನಿಮಿಷಕ್ಕೆ ಮತ್ತೆ. ಫ್ಲಶ್ ಇಲ್ಲದೆ ಆ 1 ಎಂಎಲ್ ಕ್ಯಾನುಲಾದಲ್ಲೇ, ಕೈಯ ನಾಳದಲ್ಲೇ ಉಳಿಯುತ್ತದೆ. ರಕ್ತ ಓಡಾಟವೇ ನಿಂತಿರುವಾಗ ಅದನ್ನು ಹೃದಯದವರೆಗೆ ತಳ್ಳುವುದು ಫ್ಲಶ್ ಮತ್ತು ಎದೆ ಒತ್ತುವ ಕೈಗಳು ಮಾತ್ರ.

ಅಟ್ರೋಪಿನ್ ಲೆಕ್ಕದಲ್ಲಿ ಬ್ಯಾಚಿನ ಮುಕ್ಕಾಲು ಜನ ತಡವರಿಸಿದರು. ನಿಧಾನ ನಾಡಿಗೆ ಡೋಸ್ 1 ಮಿಲಿಗ್ರಾಂ, 3ರಿಂದ 5 ನಿಮಿಷಕ್ಕೊಮ್ಮೆ, ಒಟ್ಟು 3 ಮಿಲಿಗ್ರಾಂ ಮೀರಬಾರದು. 2020ಕ್ಕಿಂತ ಹಿಂದೆ ಒಂದು ಡೋಸ್ 0.5 ಇತ್ತು. ಹಳೆಯ ನೋಟ್ಸ್ ಓದಿ ಬಂದವರು ಅದನ್ನೇ ಹೇಳಿ ಸಿಕ್ಕಿಬೀಳುತ್ತಾರೆ. ನಮ್ಮ ಆಂಪ್ಯೂಲ್ 1 ಎಂಎಲ್‌ಗೆ 0.6 ಮಿಲಿಗ್ರಾಂ. ಹಾಗಾದರೆ 1 ಮಿಲಿಗ್ರಾಂಗೆ ಎರಡು ಆಂಪ್ಯೂಲ್ ಎಳೆದು ಸುಮಾರು 1.7 ಎಂಎಲ್ ಕೊಡಬೇಕು. ಅಮಿಯೊಡರೋನ್ 3 ಎಂಎಲ್ ಆಂಪ್ಯೂಲಿನಲ್ಲಿ 150 ಮಿಲಿಗ್ರಾಂ. ಹೃದಯ ನಿಂತಾಗ ಮೊದಲ ಡೋಸ್ 300, ಅಂದರೆ ಎರಡು ಆಂಪ್ಯೂಲ್, ಎರಡನೆಯದು 150, ಒಂದು ಆಂಪ್ಯೂಲ್. ಅಡೆನೊಸಿನ್ 2 ಎಂಎಲ್‌ಗೆ 6 ಮಿಲಿಗ್ರಾಂ. ಮೊದಲು 6, ವೇಗದ ನಾಡಿ ನಿಲ್ಲದಿದ್ದರೆ 12. ಮೊಣಕೈ ಮಡಿಕೆಯ ದೊಡ್ಡ ನಾಳದಲ್ಲಿ ಒಂದೇ ಏಟಿಗೆ ತಳ್ಳಿ, ತಕ್ಷಣ 20 ಎಂಎಲ್ ಫ್ಲಶ್. ರಕ್ತದಲ್ಲಿ ಅದು ಕೆಲವೇ ಸೆಕೆಂಡಿನಲ್ಲಿ ಒಡೆದುಹೋಗುವುದರಿಂದ ಹಿಂಗೈಯ ಸಣ್ಣ ನಾಳದಲ್ಲಿ ನಿಧಾನಕ್ಕೆ ಕೊಟ್ಟರೆ ಕೊಟ್ಟೂ ಕೊಡದ ಹಾಗೆ. ತರಗತಿಗೆ ಹೋಗುವ ಮುಂಚೆ ನಿಮ್ಮ ವಾರ್ಡಿನ ಕ್ರ್ಯಾಶ್ ಕಾರ್ಟ್ ತೆರೆದು, ಒಂದೊಂದು ಆಂಪ್ಯೂಲ್ ಕೈಯಲ್ಲಿ ಹಿಡಿದು ಲೇಬಲ್ ಓದಿ, ಡೋಸನ್ನು ಎಂಎಲ್‌ಗೆ ಇಳಿಸಿ ಬರೆದುಕೊಳ್ಳಿ. ಪರೀಕ್ಷೆಗೆ ಮಿಲಿಗ್ರಾಂ ಸಾಕು. ರೋಗಿಯ ಹಾಸಿಗೆಯ ಪಕ್ಕ ಎಂಎಲ್ ಬೇಕು.

ಇಸಿಜಿಗೆ ಎರಡು ವಾರ ಮೀಸಲಿಡಿ, ದಿನಕ್ಕೆ ಅರ್ಧ ಗಂಟೆ ಸಾಕು. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ, ಒಂದು ಸಣ್ಣ ಚೌಕ 0.04 ಸೆಕೆಂಡ್, ದೊಡ್ಡದು 0.2. ಲಯ ಸಮವಾಗಿದ್ದರೆ ಎರಡು ಆರ್ ಅಲೆಗಳ (ಪ್ರತಿ ಬಡಿತದ ಎತ್ತರದ ಮೊನೆ) ನಡುವಿನ ದೊಡ್ಡ ಚೌಕಗಳಿಂದ 300 ಅನ್ನು ಭಾಗಿಸಿದರೆ ನಾಡಿ ವೇಗ. ಸಮವಿಲ್ಲದಿದ್ದರೆ 6 ಸೆಕೆಂಡಿನಲ್ಲಿರುವ ಕ್ಯೂಆರ್‌ಎಸ್ (ಒಂದು ಬಡಿತದ ಚೂಪಾದ ಅಲೆ) ಎಣಿಸಿ ಹತ್ತರಿಂದ ಗುಣಿಸಿ. ವಿಎಫ್ (ಹೃದಯದ ಕೆಳಕೋಣೆ ಬರೀ ಅದುರುವುದು), ವಿಟಿ (ಅದು ಅತಿ ವೇಗವಾಗಿ ಬಡಿಯುವುದು), ಅಸಿಸ್ಟೊಲಿ (ನೇರ ಗೆರೆ) ಯಾರಿಗೂ ತಪ್ಪುವುದಿಲ್ಲ. ತಪ್ಪುವುದು ಹಾರ್ಟ್ ಬ್ಲಾಕ್‌ಗಳಲ್ಲಿ, ಅಂದರೆ ಹೃದಯದ ಮೇಲಿನ ಕೋಣೆಯ ವಿದ್ಯುತ್ ಸಂದೇಶ ಕೆಳಗಿಳಿಯಲು ತಡೆಯಾಗುವಲ್ಲಿ. ಪಿಆರ್ ಅಂತರ (ಪಿ ಅಲೆಯಿಂದ ಕ್ಯೂಆರ್‌ಎಸ್‌ವರೆಗಿನ ಸಮಯ) ಹೆಚ್ಚುತ್ತಾ ಹೋಗಿ ಒಂದು ಬಡಿತ ಬಿಟ್ಟುಹೋದರೆ ಎರಡನೇ ಡಿಗ್ರಿಯ ಮೊದಲ ಬಗೆ. ಪಿಆರ್ ಒಂದೇ ಸಮನಿದ್ದು ಇದ್ದಕ್ಕಿದ್ದಂತೆ ಬಡಿತ ಬಿಟ್ಟರೆ ಎರಡನೇ ಬಗೆ. ಪಿ ಅಲೆಗಳು ತಮ್ಮ ಪಾಡಿಗೆ ಸಮವಾಗಿ, ಕ್ಯೂಆರ್‌ಎಸ್ ತಮ್ಮ ಪಾಡಿಗೆ ಸಮವಾಗಿ, ಒಂದಕ್ಕೊಂದು ಸಂಬಂಧವೇ ಇಲ್ಲದೆ ನಡೆದರೆ ಮೂರನೇ ಡಿಗ್ರಿ. ಒಂದು ಕಾಗದದ ಅಂಚಿನಲ್ಲಿ ಪಿ ಅಲೆಗಳ ಜಾಗ ಗುರುತು ಹಾಕಿಕೊಂಡು ಪಟ್ಟಿಯ ಮೇಲೆ ಜರುಗಿಸುತ್ತಾ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಇನ್ನು ಪಿಇಎ ಎಂಬುದು ಇಸಿಜಿಯಲ್ಲಿ ಕಾಣುವ ಲಯವೇ ಅಲ್ಲ. ಪರದೆಯ ಮೇಲೆ ಚೆಂದದ ಲಯ ಓಡುತ್ತಿರುತ್ತದೆ, ಕುತ್ತಿಗೆಯಲ್ಲಿ ನಾಡಿ ಇರುವುದಿಲ್ಲ. ಪರದೆ ನೋಡಿ ಸಮಾಧಾನ ಪಟ್ಟವರಿಗೆ ಇದು ಸಿಗುವುದೇ ಇಲ್ಲ.

ಬಿಎಲ್‌ಎಸ್ ದಿನ ಅರ್ಧ ದಿನದ್ದೇ ಆದರೂ ಮೈ ದಣಿಯುತ್ತದೆ. ನೆಲದ ಮೇಲೆ ಮಂಡಿಯೂರಿ ಕೂರಬೇಕಾದ್ದರಿಂದ ಸಡಿಲವಾದ ಚೂಡಿದಾರವೋ ಪ್ಯಾಂಟೋ ಇರಲಿ, ಸೀರೆ ಬೇಡ. ಬಳೆ, ಉಂಗುರ, ವಾಚು ತೆಗೆದಿಡಿ. ಮಂಡಿನೋವು ಇರುವವರು ಮಡಚಿದ ಟವೆಲ್ ತನ್ನಿ.

ದೊಡ್ಡವರ ಸಿಪಿಆರ್‌ನಲ್ಲಿ ನೋಡುವುದು ಇಷ್ಟು: ಎದೆಮೂಳೆಯ ಕೆಳ ಅರ್ಧದ ಮೇಲೆ ಕೈ, ಆಳ ಕನಿಷ್ಠ 5 ಸೆಂಟಿಮೀಟರ್, 6 ಮೀರದಂತೆ, ನಿಮಿಷಕ್ಕೆ 100ರಿಂದ 120 ವೇಗ, ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡುವುದು, ನಿಲುಗಡೆ 10 ಸೆಕೆಂಡಿಗಿಂತ ಕಡಿಮೆ. ಮೂವತ್ತು ಒತ್ತಿಗೆ 15ರಿಂದ 18 ಸೆಕೆಂಡು. ನರ್ಸ್‌ಗಳು ಮೊದಲ ಪ್ರಯತ್ನದಲ್ಲಿ ಎಡವುವುದು ಆಳದಲ್ಲಲ್ಲ, ಮೇಲೇಳುವುದರಲ್ಲಿ. ಆತುರದಲ್ಲಿ ಅಂಗೈ ಎದೆಯ ಮೇಲೇ ಭಾರ ಬಿಟ್ಟು ಕೂತುಬಿಡುತ್ತದೆ. ಎದೆ ಪೂರ್ತಿ ಏಳದಿದ್ದರೆ ಹೃದಯಕ್ಕೆ ರಕ್ತ ಮರಳುವುದಿಲ್ಲ, ಮುಂದಿನ ಒತ್ತಿಗೆ ತಳ್ಳಲು ಒಳಗೆ ಏನೂ ಇರುವುದಿಲ್ಲ. ಫೀಡ್‌ಬ್ಯಾಕ್ ಸಾಧನದ ದೀಪ ಇದನ್ನು ತಕ್ಷಣ ಹಿಡಿದು ಕೊಡುತ್ತದೆ. ತೂಕ ಕಡಿಮೆ ಇರುವವರು ತೋಳಿನ ಬಲದಿಂದ ಒತ್ತಲು ಹೋಗಿ ಒಂದೇ ನಿಮಿಷಕ್ಕೆ ಸೋಲುತ್ತಾರೆ. ಭುಜ ಅಂಗೈಯ ನೇರ ಮೇಲೆ ಬರಬೇಕು, ಮೊಣಕೈ ಮಡಚಬಾರದು, ಸೊಂಟದಿಂದ ಬಾಗಿ ಮೈಭಾರ ಇಳಿಸಬೇಕು.

ಎಣಿಕೆಯ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಎಣಿಸುತ್ತಾ ಒತ್ತಿದರೆ ಇಪ್ಪತ್ತರ ನಂತರ ವೇಗ ಕುಸಿಯುತ್ತದೆ. "ಇಪ್ಪತ್ತೇಳು, ಇಪ್ಪತ್ತೆಂಟು, ಇಪ್ಪತ್ತೊಂಬತ್ತು" ಇವನ್ನು ಬಾಯಿ ತುಂಬ ಹೇಳಿ ಮುಗಿಸುವಷ್ಟರಲ್ಲಿ ಕೈ ಕಾಯುತ್ತಾ ನಿಲ್ಲುತ್ತದೆ. ಒಂದರಿಂದ ಹತ್ತನ್ನು ಮೂರು ಸಲ ಎಣಿಸುವುದು ಒಳ್ಳೆಯ ಉಪಾಯ. ಮನೆಯಲ್ಲಿ ಮೊಬೈಲಿನ ಮೆಟ್ರೊನೋಮ್ 110ಕ್ಕೆ ಇಟ್ಟು, ಗಟ್ಟಿ ದಿಂಬಿನ ಮೇಲೆ ಎರಡು ನಿಮಿಷ ಒತ್ತಿ ಅಭ್ಯಾಸ ಮಾಡಿದರೆ ಆ ತಾಳ ಮೈಗೆ ಹತ್ತುತ್ತದೆ. ಗಾಬರಿಯಲ್ಲಿ ಎಲ್ಲರೂ 130, 140ಕ್ಕೆ ಏರುತ್ತಾರೆ. ವೇಗ ಹೆಚ್ಚಿದಂತೆ ಆಳ ಕಡಿಮೆಯಾಗುವುದನ್ನು ಅಲ್ಲೇ ಕಾಣಬಹುದು.

ನಾಡಿ ನೋಡಲು ಕನಿಷ್ಠ 5, ಗರಿಷ್ಠ 10 ಸೆಕೆಂಡು. ಇನ್‌ಸ್ಟ್ರಕ್ಟರ್ ಗಡಿಯಾರ ಹಿಡಿದಿರುತ್ತಾರೆ. ಮನಸ್ಸಿನಲ್ಲಿ ಎಣಿಸದೆ ಗಟ್ಟಿಯಾಗಿ ಎಣಿಸಿ, ಆಗ ಅವರಿಗೂ ಕೇಳುತ್ತದೆ. ಎಇಡಿ ಬಂದ ಕೂಡಲೇ ಮೊದಲು ಆನ್ ಮಾಡಿ, ಆಮೇಲೆ ಪ್ಯಾಡ್. ಪ್ಯಾಡ್ ಅಂಟಿಸುವಾಗ ಇನ್ನೊಬ್ಬರು ಒತ್ತುವುದನ್ನು ನಿಲ್ಲಿಸಬಾರದು. ಶಾಕ್ ಕೊಟ್ಟ ಮೇಲೆ ನಾಡಿ ನೋಡಲು ಹೋಗದೆ ಕೂಡಲೇ ಒತ್ತಲು ಶುರು ಮಾಡಬೇಕು. ಶಾಕ್ ಕೆಲಸ ಮಾಡಿದರೂ ಹೃದಯ ತಾನಾಗಿ ರಕ್ತ ತಳ್ಳಲು ಸ್ವಲ್ಪ ಸಮಯ ಬೇಕು. ಆ ಹೊತ್ತನ್ನು ತುಂಬುವುದು ನಮ್ಮ ಕೈ. ಇಡೀ ಮೂರು ದಿನದಲ್ಲಿ ಅತಿ ಹೆಚ್ಚು ಜನ ತಪ್ಪು ಮಾಡಿದ್ದು ಈ ಒಂದು ಜಾಗದಲ್ಲಿ. ಶಾಕ್ ಆದ ಮೇಲೆ ಎಲ್ಲರ ಕಣ್ಣೂ ಪರದೆಯ ಕಡೆಗೆ, ಕೈ ಮಾತ್ರ ಖಾಲಿ.

ಒಂದು ವರ್ಷದೊಳಗಿನ ಮಗುವಿನ ಪರೀಕ್ಷೆ ಪ್ರತ್ಯೇಕ. ಆಳ ಎದೆಯ ಮೂರನೇ ಒಂದು ಭಾಗ, ಸುಮಾರು 4 ಸೆಂಟಿಮೀಟರ್. ಒಬ್ಬರೇ ಇದ್ದರೆ 30ಕ್ಕೆ 2 ಉಸಿರು, ಇಬ್ಬರಿದ್ದರೆ 15ಕ್ಕೆ 2. ಇಲ್ಲೇ ಹೊಸ ಮಾರ್ಗಸೂಚಿಯ ಬದಲಾವಣೆ ಗಮನಿಸಿ. ಎರಡು ಬೆರಳಿನಿಂದ ಒತ್ತುವ ಹಳೆಯ ವಿಧಾನವನ್ನು 2025ರಲ್ಲಿ ಕೈಬಿಟ್ಟಿದ್ದಾರೆ. ಈಗ ಒಂದು ಅಂಗೈಯ ಬುಡ, ಇಲ್ಲವೇ ಎದೆಯನ್ನು ಎರಡೂ ಕೈಯಲ್ಲಿ ಬಳಸಿ ಹಿಡಿದು ಎರಡು ಹೆಬ್ಬೆರಳು. ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ದೊಡ್ಡವರಿಗೆ ಈಗ ಮೊದಲು ಬೆನ್ನಿಗೆ 5 ಪೆಟ್ಟು, ಆಮೇಲೆ ಹೊಟ್ಟೆಗೆ 5 ಒತ್ತು. ಹಿಂದೆ ನೇರ ಹೊಟ್ಟೆಗೇ ಹೋಗುತ್ತಿದ್ದೆವು. ಹಿಂದಿನ ಸಲ ಪಾಸಾಗಿ ಈಗ ನವೀಕರಣಕ್ಕೆ ಬಂದ ಅನುಭವಿಗಳೇ ಇಲ್ಲಿ ಹೆಚ್ಚು ತಪ್ಪಿದ್ದು. ಹಳೆಯ ಅಭ್ಯಾಸ ಕೈಯಿಂದ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಬಿಎಲ್‌ಎಸ್ ಬರವಣಿಗೆ 25 ಪ್ರಶ್ನೆ, ಪಾಸಾಗಲು 84 ಶೇಕಡಾ, ಅಂದರೆ 21 ಸರಿ. ಕಷ್ಟವೇನಿಲ್ಲ.

ಎಸಿಎಲ್‌ಎಸ್‌ನ ಎರಡು ದಿನ ಬೇರೆಯೇ ಲೋಕ. ಮೊದಲ ದಿನ ಬೆಳಿಗ್ಗೆ ಉಸಿರಾಟದ ದಾರಿ. ಬಾಯಿಯ ಏರ್‌ವೇ (ಉಸಿರಿನ ದಾರಿ ತೆರೆದಿಡುವ ಕೊಳವೆ) ಅಳೆಯುವುದು ತುಟಿಯ ಅಂಚಿನಿಂದ ದವಡೆಯ ಮೂಲೆಯವರೆಗೆ, ಮೂಗಿನದು ಮೂಗಿನ ತುದಿಯಿಂದ ಕಿವಿಯ ಹಾಲೆಯವರೆಗೆ. ಎಚ್ಚರವಿದ್ದು ಓಕರಿಕೆ ಬರುವವರಿಗೆ ಬಾಯಿಯದು ಹಾಕಬಾರದು. ಸಕ್ಷನ್ 10 ಸೆಕೆಂಡು ಮೀರಬಾರದು. ಅಂಬು ಬ್ಯಾಗ್‌ನಲ್ಲಿ ಎಲ್ಲರೂ ಮಾಡುವ ತಪ್ಪು ಅತಿಯಾಗಿ ಹಿಂಡುವುದು. ನಾಡಿ ಇದ್ದು ಉಸಿರಿಲ್ಲದವರಿಗೂ, ಹೃದಯ ನಿಂತು ಶ್ವಾಸನಾಳಕ್ಕೆ ಟ್ಯೂಬ್ ಹಾಕಿಸಿಕೊಂಡವರಿಗೂ 6 ಸೆಕೆಂಡಿಗೆ ಒಂದು ಉಸಿರು ಸಾಕು. ಎದೆ ಏಳುವುದು ಕಂಡರೆ ಅಲ್ಲಿಗೆ ನಿಲ್ಲಿಸಿ. ಹೆಚ್ಚು ಹಿಂಡಿದಷ್ಟೂ ಎದೆಯೊಳಗಿನ ಒತ್ತಡ ಏರಿ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ಹೊಟ್ಟೆಗೂ ಗಾಳಿ ಹೋಗಿ ವಾಂತಿ ಬರುತ್ತದೆ.

ಮಧ್ಯಾಹ್ನ ಹೃದಯಾಘಾತ ಮತ್ತು ಪಾರ್ಶ್ವವಾಯು. ಎದೆನೋವಿನವರು ಬಂದ 10 ನಿಮಿಷದೊಳಗೆ ಇಸಿಜಿ. ಆಸ್ಪಿರಿನ್ 162ರಿಂದ 325 ಮಿಲಿಗ್ರಾಂ ಅಗಿಯಲು ಕೊಡಬೇಕು. ನಮ್ಮಲ್ಲಿ ಸಿಗುವ 75, 150ರ ಮಾತ್ರೆಗಳಲ್ಲಿ 150ರ ಎರಡು ಕೊಟ್ಟರೆ ಲೆಕ್ಕ ಸರಿ. ರಕ್ತದ ಗಡ್ಡೆ ಕರಗಿಸುವ ಔಷಧ ಕೊಡುವುದಾದರೆ ಬಾಗಿಲಿನಿಂದ ಸೂಜಿಯವರೆಗೆ 30 ನಿಮಿಷ, ಆಂಜಿಯೋಪ್ಲಾಸ್ಟಿಯಾದರೆ 90 ನಿಮಿಷ. ಈ ಪಾಠ ದೊಡ್ಡ ಆಸ್ಪತ್ರೆಯವರಿಗಷ್ಟೇ ಅಂದುಕೊಳ್ಳಬೇಡಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೂ ಗಡ್ಡೆ ಕರಗಿಸುವ ಟೆನೆಕ್ಟಪ್ಲೇಸ್ ಚುಚ್ಚುಮದ್ದು ಉಚಿತವಾಗಿ ಸಿಗುತ್ತಿದೆ. ಅಲ್ಲಿ ಇಸಿಜಿ ತೆಗೆಯುವವರು, ಚುಚ್ಚುಮದ್ದು ಕೊಟ್ಟ ಮೇಲೆ ಮಾನಿಟರ್ ಮುಂದೆ ಕೂರುವವರು ನರ್ಸ್‌ಗಳೇ. ಆ ಹೊತ್ತಿನಲ್ಲಿ ಲಯ ತಪ್ಪಿದರೆ ಮೊದಲು ಗುರುತಿಸಬೇಕಾದವರೂ ಅವರೇ.

ಎರಡನೇ ದಿನ ಮೆಗಾಕೋಡ್. ಇದೇ ಎಲ್ಲರೂ ಹೆದರುವ ಪರೀಕ್ಷೆ. ಗೊಂಬೆಯೇ ರೋಗಿ, ನೀವು ಟೀಮ್ ಲೀಡರ್, ಉಳಿದ ಐದು ಜನ ನಿಮ್ಮ ತಂಡ. ಕಥೆ ಬದಲಾಗುತ್ತಾ ಹೋಗುತ್ತದೆ. ನಿಧಾನ ನಾಡಿಯೋ ವೇಗದ ನಾಡಿಯೋ ಇರುವ ರೋಗಿ, ಇದ್ದಕ್ಕಿದ್ದಂತೆ ವಿಎಫ್, ಆಮೇಲೆ ಪಿಇಎ, ಕೊನೆಗೆ ನಾಡಿ ಮರಳುವುದು. ಒಂದೊಂದು ತಿರುವಿನಲ್ಲೂ ಏನು ಮಾಡುತ್ತೀರಿ ಎಂದು ಬಾಯಿಬಿಟ್ಟು ಹೇಳಬೇಕು.

ಬಾಯಿಬಿಡುವುದೇ ನಮಗೆ ಕಷ್ಟ. ವಾರ್ಡಿನಲ್ಲಿ ಆರ್ಡರ್ ಕೇಳಿ ಮಾಡುವುದು ನರ್ಸ್‌ಗಳ ಅಭ್ಯಾಸ, ಆರ್ಡರ್ ಕೊಡುವುದಲ್ಲ. ಪಕ್ಕದಲ್ಲಿ ತಂಡದವರಾಗಿ ಒಬ್ಬ ಕನ್ಸಲ್ಟೆಂಟ್ ಸರ್ ನಿಂತಿದ್ದರಂತೂ ದನಿಯೇ ಏಳುವುದಿಲ್ಲ. ನಮ್ಮ ಬ್ಯಾಚಿನಲ್ಲಿ ಹದಿನೈದು ವರ್ಷ ಐಸಿಯು ಮಾಡಿದ ಹಿರಿಯ ಸಿಸ್ಟರ್ ಒಬ್ಬರಿಗೆ ಎಲ್ಲ ಗೊತ್ತಿತ್ತು. ಆದರೆ ಮಾತು ಬರುವ ಮುಂಚೆ ಅವರ ಕೈ ಗೊಂಬೆಯ ಎದೆಗೆ ಹೋಗುತ್ತಿತ್ತು. ಲೀಡರ್ ತಾನೇ ಒತ್ತಲು ಇಳಿದರೆ ಪರದೆ, ಗಡಿಯಾರ, ಔಷಧ ನೋಡುವವರು ಯಾರೂ ಇರುವುದಿಲ್ಲ. ಹಾಗಾಗಿ ಹಾಸಿಗೆಯ ಕಾಲ ಕಡೆಗೆ ನಿಂತು, ಕೈ ಹಿಂದೆ ಕಟ್ಟಿಕೊಳ್ಳಿ. ಹೆಸರು ಹಿಡಿದು ಹೇಳಿ: "ರೇಖಾ ಸಿಸ್ಟರ್, ಅಡ್ರಿನಲಿನ್ ಒಂದು ಮಿಲಿಗ್ರಾಂ ಐವಿ, ಜೊತೆಗೆ ಫ್ಲಶ್." ಅವರು ಅದನ್ನೇ ತಿರುಗಿ ಹೇಳಬೇಕು, ಕೊಟ್ಟ ಮೇಲೆ "ಕೊಟ್ಟೆ" ಎನ್ನಬೇಕು. "ಯಾರಾದರೂ ಅಡ್ರಿನಲಿನ್ ಕೊಡಿ" ಅಂದರೆ ಇಬ್ಬರು ಕೊಡುತ್ತಾರೆ, ಇಲ್ಲವೇ ಯಾರೂ ಕೊಡುವುದಿಲ್ಲ.

ವಿಎಫ್‌ನ ಸರಣಿ ಹೀಗೆ ಬಾಯಿಗೆ ಬರಲಿ. ಮೊದಲ ಶಾಕ್, ತಕ್ಷಣ 2 ನಿಮಿಷ ಸಿಪಿಆರ್, ಅಷ್ಟರಲ್ಲಿ ಐವಿ. ಲಯ ನೋಡು, ಎರಡನೇ ಶಾಕ್, ಮತ್ತೆ 2 ನಿಮಿಷ, ಆಗ ಅಡ್ರಿನಲಿನ್. ಮೂರನೇ ಶಾಕ್ ಆದ ಮೇಲೆ ಅಮಿಯೊಡರೋನ್ 300. ಬೈಫೇಸಿಕ್ (ವಿದ್ಯುತ್ತನ್ನು ಎರಡೂ ದಿಕ್ಕಿಗೆ ಹರಿಸುವ) ಯಂತ್ರದಲ್ಲಿ ತಯಾರಕರು ಹೇಳಿದಷ್ಟು ಜೂಲ್, ಸಾಮಾನ್ಯವಾಗಿ 120ರಿಂದ 200, ಗೊತ್ತಿಲ್ಲದಿದ್ದರೆ ಯಂತ್ರದ ಗರಿಷ್ಠ. ಪಿಇಎ ಮತ್ತು ಅಸಿಸ್ಟೊಲಿಯಲ್ಲಿ ಶಾಕ್ ಇಲ್ಲ, ಅಡ್ರಿನಲಿನ್ ಆದಷ್ಟು ಬೇಗ. 2 ನಿಮಿಷ ಮುಗಿಯಲು ಹದಿನೈದು ಸೆಕೆಂಡು ಇರುವಾಗಲೇ ಯಂತ್ರ ಚಾರ್ಜ್ ಮಾಡಿಸಿ, ಒತ್ತುವವರನ್ನು ಬದಲಿಸಲು ಹೆಸರು ಹೇಳಿಡಿ. ಹೀಗೆ ಮಾಡಿದರೆ ಕೈ ನಿಲ್ಲುವ ಹೊತ್ತು ಐದಾರು ಸೆಕೆಂಡಿಗೆ ಇಳಿಯುತ್ತದೆ. ಒಟ್ಟು ಸಮಯದಲ್ಲಿ ಎದೆ ಒತ್ತಿದ ಪಾಲು ಕನಿಷ್ಠ 60 ಶೇಕಡಾ ಇರಬೇಕು, ಗುರಿ 80.

ವೇಗದ ನಾಡಿಯಲ್ಲಿ ರೋಗಿಯ ಬಿಪಿ ಕುಸಿದು ಅಸ್ಥಿರವಾಗಿದ್ದರೆ ಸಿಂಕ್ (ಶಾಕನ್ನು ಆರ್ ಅಲೆಗೆ ಹೊಂದಿಸುವ ಗುಂಡಿ) ಒತ್ತಿ ಶಾಕ್. ಎಷ್ಟೋ ಯಂತ್ರಗಳು ಒಂದು ಶಾಕ್ ಆದ ಕೂಡಲೇ ಸಿಂಕ್‌ನಿಂದ ಹೊರಬರುತ್ತವೆ. ಎರಡನೆಯದಕ್ಕೆ ಮತ್ತೆ ಒತ್ತಬೇಕು. ತದ್ವಿರುದ್ಧ ತಪ್ಪೂ ಇದೆ: ರೋಗಿ ವಿಎಫ್‌ಗೆ ಜಾರಿದಾಗ ಸಿಂಕ್ ಹಾಗೇ ಉಳಿದಿದ್ದರೆ ಯಂತ್ರ ಆರ್ ಅಲೆ ಹುಡುಕುತ್ತಾ ಕೂರುತ್ತದೆ, ಶಾಕ್ ಹೋಗುವುದೇ ಇಲ್ಲ. ಚರ್ಮದ ಮೇಲಿನಿಂದ ವಿದ್ಯುತ್ ಕೊಟ್ಟು ಹೃದಯ ಬಡಿಸುವ ಪೇಸಿಂಗ್ ಮಾಡಿದರೆ ನಾಡಿ ತೊಡೆಸಂದಿಯಲ್ಲಿ ನೋಡಿ. ಕುತ್ತಿಗೆಯಲ್ಲಿ ಸ್ನಾಯು ಅದುರುವುದೇ ನಾಡಿಯಂತೆ ಭಾಸವಾಗುತ್ತದೆ.

ಪಿಇಎ ಬಂದಾಗ ಇನ್‌ಸ್ಟ್ರಕ್ಟರ್ ಕಾಯುವುದು ಕಾರಣಗಳ ಪಟ್ಟಿಗೆ, ಇಂಗ್ಲಿಷಿನಲ್ಲಿ ಎಚ್‌ನಿಂದ ಶುರುವಾಗುವ ಐದು, ಟಿಯಿಂದ ಶುರುವಾಗುವ ಐದು. ರಕ್ತ ಅಥವಾ ನೀರಿನಂಶ ಕಡಿಮೆ, ಆಮ್ಲಜನಕ ಕಡಿಮೆ, ರಕ್ತ ಆಮ್ಲವಾಗಿರುವುದು, ಪೊಟ್ಯಾಸಿಯಂ ಏರುಪೇರು, ಮೈ ತಣ್ಣಗಾಗಿರುವುದು. ಎದೆಗೂಡಿನಲ್ಲಿ ಗಾಳಿ ಒತ್ತಿರುವುದು, ಹೃದಯದ ಸುತ್ತ ದ್ರವ, ವಿಷ, ಶ್ವಾಸಕೋಶದ ಗಡ್ಡೆ, ಹೃದಯನಾಳದ ಗಡ್ಡೆ. ಬಾಯಿಪಾಠ ಒಪ್ಪಿಸಿದರೆ ಸಾಲದು, ರೋಗಿಯ ಕಥೆಗೆ ಜೋಡಿಸಬೇಕು. ಡಯಾಲಿಸಿಸ್ ತಪ್ಪಿಸಿಕೊಂಡವರಾದರೆ ಪೊಟ್ಯಾಸಿಯಂ ಮೊದಲು, ಹೊಲಕ್ಕೆ ಹೊಡೆಯುವ ಔಷಧ ಕುಡಿದು ಬಂದವರಾದರೆ ವಿಷ ಮೊದಲು.

ನಾಡಿ ಮರಳಿತು ಎಂದ ಕೂಡಲೇ ಬ್ಯಾಚಿನವರೆಲ್ಲ ಉಸಿರು ಬಿಟ್ಟು ನಕ್ಕುಬಿಡುತ್ತಾರೆ, ಅಲ್ಲೇ ಅಂಕ ಹೋಗುವುದು. ಉಸಿರಿನ ದಾರಿ, ಆಕ್ಸಿಜನ್, ಬಿಪಿಯ ಮೇಲಿನ ಅಂಕ ಕನಿಷ್ಠ 90 ಮತ್ತು ಸರಾಸರಿ ಒತ್ತಡ 65, ಹನ್ನೆರಡು ಲೀಡ್ ಇಸಿಜಿ, ಹೇಳಿದ ಮಾತಿಗೆ ಸ್ಪಂದಿಸದಿದ್ದರೆ ಮೈಯ ತಾಪ ನಿಯಂತ್ರಣ. ಇವನ್ನು ಹೇಳಿ ಮುಗಿಸುವ ತನಕ ಮೆಗಾಕೋಡ್ ಮುಗಿದಿರುವುದಿಲ್ಲ. ಮೊದಲ ಸಲ ಫೇಲಾದರೆ ಅಳುವಂಥದ್ದೇನೂ ಇಲ್ಲ. ಎಲ್ಲಿ ತಪ್ಪಿತೆಂದು ತೋರಿಸಿ, ಅಭ್ಯಾಸ ಮಾಡಿಸಿ, ಮತ್ತೊಮ್ಮೆ ಬಿಡುತ್ತಾರೆ. ನಮ್ಮಲ್ಲಿ ಇಬ್ಬರು ಹಾಗೆಯೇ ಸಂಜೆ ಐದಕ್ಕೆ ಪಾಸಾದರು.

ಬರವಣಿಗೆ 50 ಪ್ರಶ್ನೆ, 42 ಸರಿಯಿರಬೇಕು. ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದು, ಆದರೆ ಪಕ್ಕದವರನ್ನು ಕೇಳುವಂತಿಲ್ಲ, ಮೊಬೈಲಿನಲ್ಲಿ ಹುಡುಕುವಂತಿಲ್ಲ. ಪುಸ್ತಕ ಇದೆಯಲ್ಲ ಎಂದು ಓದದೆ ಬಂದವರು ಪುಟ ತಿರುವುವುದರಲ್ಲೇ ಸುಸ್ತಾದರು. ಅಲ್ಗಾರಿದಮ್ ಇರುವ ಪುಟಗಳಿಗೆ ಬಣ್ಣದ ಚೀಟಿ ಅಂಟಿಸಿಕೊಂಡು ಬನ್ನಿ. ಪ್ರಶ್ನೆಗಳಲ್ಲಿ "ಮುಂದೇನು ಮಾಡುತ್ತೀರಿ" ಎಂಬ ಬಗೆಯವೇ ಹೆಚ್ಚು. ನಾಲ್ಕೂ ಉತ್ತರ ಸರಿಯೇ ಅನಿಸುತ್ತವೆ, ಮೊದಲು ಮಾಡಬೇಕಾದದ್ದು ಒಂದೇ ಇರುತ್ತದೆ. ರೋಗಿಗೆ ನಾಡಿ ಇದೆಯೇ, ಸ್ಥಿರವಾಗಿದ್ದಾರೆಯೇ ಎಂಬ ಎರಡು ಮಾತನ್ನು ಪ್ರಶ್ನೆಯಲ್ಲಿ ಹುಡುಕಿ ಗೆರೆ ಎಳೆದುಕೊಂಡರೆ ಉತ್ತರ ಅರ್ಧ ಸಿಕ್ಕಂತೆ.

ಆಮೇಲೆ ಕಾಯುವುದು. ಕೋರ್ಸ್ ಮುಗಿದ 20 ಕೆಲಸದ ದಿನಗಳೊಳಗೆ ಕಾರ್ಡ್ ಕೊಡಬೇಕು ಎಂಬುದು ನಿಯಮ. ವಾರಕ್ಕೆ ಐದು ದಿನ ಎಂದರೆ ಸುಮಾರು ನಾಲ್ಕು ವಾರ. ಕೆಲಸಕ್ಕೆ ಸೇರುವ ತಾರೀಕು ಹತ್ತಿರವಿದ್ದವರು ಇದನ್ನು ಮೊದಲೇ ಲೆಕ್ಕ ಹಾಕಿ. ಮೇಲ್ ಸ್ಪ್ಯಾಮ್‌ಗೂ ಹೋಗುತ್ತದೆ, ದಿನಾ ನೋಡಿ. ಅದರಲ್ಲಿನ ಕೊಂಡಿ ಒತ್ತಿ, ಹೆಸರು ಸರಿಯಿದೆಯೇ ನೋಡಿ, ಸಣ್ಣ ಸಮೀಕ್ಷೆ ತುಂಬಿದ ಮೇಲೆ ಕಾರ್ಡ್ ತೆರೆಯುತ್ತದೆ. ಹೆಸರು ತಪ್ಪಿದ್ದರೆ ಮುಂದುವರಿಯದೆ ಅಲ್ಲೇ ನಿಲ್ಲಿಸಿ ಸೆಂಟರ್‌ಗೆ ಫೋನ್ ಮಾಡಿ, ತಿದ್ದುವುದು ಅವರ ಕೈಯಲ್ಲೇ ಇದೆ. ನನ್ನ ಕಾರ್ಡಿನಲ್ಲಿ ಇನಿಷಿಯಲ್ ಮುಂದೆ ಬಂದು ಕೂತಿತ್ತು. ಅರ್ಜಿಯ ಫೋಟೊ ಇದ್ದದ್ದರಿಂದ ವಾದವಿಲ್ಲದೆ ತಿದ್ದಿಕೊಟ್ಟರು, ಆದರೂ ಒಂಬತ್ತು ದಿನ ಹಿಡಿಯಿತು.

ಕಾರ್ಡಿನಲ್ಲಿ ಒಂದು ಸಂಕೇತ ಸಂಖ್ಯೆ, ಕ್ಯೂಆರ್ ಗುರುತು ಇರುತ್ತದೆ. ಉದ್ಯೋಗದಾತರು ಅದರಿಂದಲೇ ಅಸಲಿಯೇ ನಕಲಿಯೇ ನೋಡುತ್ತಾರೆ. ನೀವೇ ಮೊದಲು ಹಾರ್ಟ್ ಅಸೋಸಿಯೇಷನ್‌ನ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿ ಪರೀಕ್ಷಿಸಿ. ದುಡ್ಡು ಕೊಟ್ಟು ಮೂರು ದಿನ ಬೆವರು ಸುರಿಸಿ ಬಂದದ್ದು ಅಲ್ಲಿ ಕಾಣದಿದ್ದರೆ ಅಂದೇ ಸೆಂಟರಿನವರನ್ನು ಕೇಳಬೇಕು, ಸಂದರ್ಶನದ ದಿನವಲ್ಲ.

ಎರಡೂ ಕಾರ್ಡಿನ ಆಯಸ್ಸು 2 ವರ್ಷ, ಆ ತಿಂಗಳ ಕೊನೆಯವರೆಗೆ. ಅವಧಿ ಮುಗಿಯುವ ಮುಂಚೆ ಹೋದರೆ ಚಿಕ್ಕದಾದ ನವೀಕರಣ ತರಗತಿ, ಎಸಿಎಲ್‌ಎಸ್ ಒಂದೇ ದಿನದಲ್ಲಿ ಮುಗಿಯುತ್ತದೆ. ದಾಟಿಸಿದರೆ ಮತ್ತೆ ಪೂರ್ತಿ ಕೋರ್ಸ್, ಪೂರ್ತಿ ಶುಲ್ಕ ಆಗಬಹುದು. ಮೊಬೈಲಿನಲ್ಲಿ ಮೂರು ತಿಂಗಳು ಮೊದಲೇ ನೆನಪೋಲೆ ಇಟ್ಟುಕೊಳ್ಳಿ. ಎರಡು ಪ್ರತಿ ಮುದ್ರಿಸಿ, ಒಂದು ಎಚ್‌ಆರ್ ಕಡತಕ್ಕೆ, ಇನ್ನೊಂದು ನಿಮ್ಮ ವಿಭಾಗದ ತರಬೇತಿ ಕಡತಕ್ಕೆ. ಆಸ್ಪತ್ರೆಗಳ ಗುಣಮಟ್ಟ ನೋಡುವ ಎನ್‌ಎಬಿಎಚ್ ತಪಾಸಣೆಯವರು ಬಂದರೆ ಕೇಳುವುದು ಅದನ್ನೇ. ಮತ್ತು ಆ ಎಂಎಲ್ ಲೆಕ್ಕದ ಚೀಟಿಯನ್ನು ನಿಮ್ಮ ಇನ್‌ಚಾರ್ಜ್ ಸಿಸ್ಟರ್‌ಗೆ ತೋರಿಸಿ, ವೈದ್ಯರಿಂದ ಒಮ್ಮೆ ಪರಿಶೀಲಿಸಿಕೊಂಡು, ಕ್ರ್ಯಾಶ್ ಕಾರ್ಟ್‌ನ ಮೇಲಿನ ಡ್ರಾಯರಿಗೆ ಅಂಟಿಸಿ. ಬೇರೆ ಕಂಪನಿಯ ಆಂಪ್ಯೂಲ್ ಬಂದ ದಿನ ಅದನ್ನು ತಿದ್ದುವುದನ್ನು ಮರೆಯಬೇಡಿ.